ಏಳೂಕಾಲರ ಸೈಕಲ್ಲು

"ಎತ್ಲಾಗೆ ಹೊಂಟ್ರಿ ಮೇಷ್ಟ್ರೆ, ಇಷ್ಟು ಬೆಳಿಗ್ಗೆ?"

ಬೇಲಿಯಾಚೆಯಿಂದ ಗೌಡರ ಈ ಪ್ರಶ್ನೆ ಬರದೆ ನನ್ನ ಸೈಕಲ್ಲು ಅಂಗಳ ದಾಟಿದ ದಿನವೇ ಇಲ್ಲ. ನಮ್ಮಿಬ್ಬರ ನಡುವಿನ ಬೇಲಿ ಅರ್ಧ ದಾಸವಾಳ, ಅರ್ಧ ಗೊಬ್ಬರದ ಗಿಡ, ನಡುವೆ ಒಂದು ಕಂಡಿ. ಬೆಕ್ಕು, ಕೋಳಿ, ಸಾರಿನ ಪಾತ್ರೆ, ನಿನ್ನೆಯ ಪೇಪರು, ಊರಿನ ಸುದ್ದಿ ಎಲ್ಲ ಓಡಾಡುವುದು ಆ ಕಂಡಿಯಲ್ಲೇ. ಬೆಳಗಿನ ಆರು ಗಂಟೆಗೆ ಗೌಡರು ಬಾಯಲ್ಲಿ ಬ್ರಷ್ ಸಿಕ್ಕಿಸಿಕೊಂಡು ಅಲ್ಲಿಗೆ ಬಂದು ನಿಲ್ಲುತ್ತಾರೆ. ಹಲ್ಲುಜ್ಜುವುದು ನೆಪ, ಕೆಲಸ ಬೇರೆ.

"ಸುಮ್ನೆ ಗೌಡ್ರೆ. ಹಿಂಗೇ ಒಂದು ಸುತ್ತು."

"ಸುಮ್ನೆ ಅಂದ್ರೆ ಎಂತ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಯಾರೂ ಸುಮ್ಮನೆ ಮನೆ ಬಿಡುವುದಿಲ್ಲ. ಸೊಸೈಟಿಗೆ ಹೋಗುತ್ತಾರೆ, ಮಂಡಿಗೆ ಹೋಗುತ್ತಾರೆ, ಗೃಹಪ್ರವೇಶಕ್ಕೆ, ಸಾವಿಗೆ ಹೋಗುತ್ತಾರೆ. ಏನೂ ಇಲ್ಲದಿದ್ದರೆ ಸರ್ವೆ ಆಫೀಸಿಗಾದರೂ ಹೋಗಿ ಬೈದು ಬರುತ್ತಾರೆ. ಅರವತ್ತೆರಡು ದಾಟಿದ ಗಂಡಸು ತಲೆಗೆ ಬುಟ್ಟಿಯಂಥ ಟೋಪಿ ಕಟ್ಟಿಕೊಂಡು, ಮಂಜಿನಲ್ಲಿ ಇಪ್ಪತ್ತೈದು ಕಿಲೋಮೀಟರ್ ತುಳಿದು, ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿಯದೆ ವಾಪಸು ಬರುತ್ತಾನೆಂದರೆ ಒಂದೋ ಮನೆಯಲ್ಲಿ ಜಗಳ, ಇಲ್ಲವೇ ಶುಗರ್. ಗೌಡರು ಎರಡನ್ನೂ ವಿಚಾರಿಸಿಕೊಂಡಿದ್ದರು. ಮೊದಲನೆಯದನ್ನು ನನ್ನ ಹೆಂಡತಿಯ ಹತ್ತಿರ, ಎರಡನೆಯದನ್ನು ನನ್ನ ಹತ್ತಿರ.

ಸೈಕಲ್ಲು ನಾನು ಕೊಂಡದ್ದಲ್ಲ. ಬೆಂಗಳೂರಿನಲ್ಲಿರುವ ಮಗ ಒಂದು ದೀಪಾವಳಿಗೆ ಕಾರಿನ ನೆತ್ತಿಯ ಮೇಲೆ ಕಟ್ಟಿ ತಂದು, "ಅಪ್ಪಾ, ನಿಮಗೆ ಎಕ್ಸರ್‌ಸೈಸ್ ಬೇಕು" ಎಂದು ಜಗಲಿಗೆ ಒರಗಿಸಿ ಹೋದ. ಮರುದಿನ ಗೌಡರು ಕಂಡಿಯಿಂದ ನುಸುಳಿ ಬಂದು, ದನದ ಜಾತ್ರೆಯಲ್ಲಿ ಹೋರಿ ನೋಡುವವರ ಹಾಗೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಎಷ್ಟು ಗೇರು?"

"ಇಪ್ಪತ್ತೊಂದು."

"ನಮ್ಮ ಜೀಪಿಗೇ ನಾಲ್ಕು ಮಾರಾಯ್ರೆ." ಮತ್ತೊಂದು ಸುತ್ತು. "ಕ್ಯಾರಿಯರ್ ಇಲ್ಲ. ಸ್ಟ್ಯಾಂಡ್ ಇಲ್ಲ. ಮಡ್‌ಗಾರ್ಡ್ ಇಲ್ಲ. ಬೆಲ್ಲೂ ಇಲ್ಲ." ಕೊನೆಗೆ ಬೆಲೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲದ್ದಕ್ಕೆಲ್ಲ ಇಷ್ಟು ದುಡ್ಡು ತಗೊಂಡ್ರಾ?" ಎಂದರು.

ಆ ಮಾತು ಮನಸ್ಸಿಗೆ ಹತ್ತಿ, ಪೇಟೆಯ ಸೈಕಲ್ ಷಾಪಿಗೆ ಹೋಗಿ ಕ್ಯಾರಿಯರ್ ಹಾಕಿಸಿಕೊಂಡು ಬಂದೆ. ಷಾಪಿನ ಹುಡುಗ ಈ ಫ್ರೇಮಿಗೆ ಅದು ಕೂರುವುದಿಲ್ಲ ಎಂದು ಮೊದಲು ಗೊಣಗಿ, ಆಮೇಲೆ ಎರಡು ಕ್ಲಾಂಪು, ಒಂದು ಹಳೆ ಟ್ಯೂಬಿನ ತುಂಡು ಸುತ್ತಿ ಭದ್ರ ಮಾಡಿದ. ನಾನು ಮಾಡಿಕೊಂಡ ತಪ್ಪು ಅದೇ. ಕ್ಯಾರಿಯರ್ ಇಲ್ಲದ ಸೈಕಲ್ಲು ವ್ಯಾಯಾಮ. ಕ್ಯಾರಿಯರ್ ಬಂತೋ, ಅದು ವಾಹನ.

ನಮ್ಮ ಕಡೆ ಸೈಕಲ್ಲಿಗೆ ಗೌರವಸ್ಥ ವಂಶಾವಳಿಯೇ ಇದೆ ಎಂದು ಗೌಡರ ಮುಂದೆ ಜಂಬ ಕೊಚ್ಚಿದ್ದೂ ಉಂಟು. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ನೆನಪಿರುತ್ತದೆ, ಪಾದ್ರಿಯ ಬೈಸಿಕಲ್ಲು ಈ ಕಾಡಿನ ಹಳ್ಳಿಗಳಿಗೆ ಬಂದಾಗ ಜನರ ಬಾಯಲ್ಲಿ ಅದು 'ಬೀಸೆಕಲ್ಲು' ಆಯಿತು. ಗೌಡರು ಕಾದಂಬರಿ ಓದಿಲ್ಲ. ಕುಪ್ಪಳಿ ಹದಿನೇಳು ಹದಿನೆಂಟು ಕಿಲೋಮೀಟರಿನಲ್ಲೇ ಇರುವುದರಿಂದ ಓದಿದಷ್ಟೇ ಆಯಿತು ಎನ್ನುವುದು ಅವರ ನಂಬಿಕೆ. ಒಳಗಿಂದ ಕೇಳಿಸಿಕೊಂಡ ಗೌಡತಿಯಮ್ಮ ಮಾತ್ರ, "ಬೀಸೋ ಕಲ್ಲೇ ಸೈ ಬಿಡಿ ಮೇಷ್ಟ್ರೆ. ಎರಡೂ ತಿರುಗ್ತವೆ, ಎರಡೂ ಏದುಸಿರು ಬರಿಸ್ತವೆ. ಅದ್ರಲ್ಲಿ ಕಡೆಗೆ ಹಿಟ್ಟಾದ್ರೂ ಸಿಗ್ತದೆ" ಎಂದರು.

ಇರಲಿ. ಮಗನ ಸ್ನೇಹಿತರಿಗೆ ನಾನು ಈ ಭಾಗದ ಸೈಕಲ್ ಪಂಡಿತ ಎಂಬ ಸುಳ್ಳು ಸುದ್ದಿ ಮುಟ್ಟಿದೆ. ವಾರಕ್ಕೊಂದು ಫೋನು. "ಅಂಕಲ್, ನದಿ ಪಕ್ಕದಲ್ಲೇ ಹೋಗ್ಬೇಕು, ಕಾಡಿರ್ಬೇಕು, ಟ್ರಾಫಿಕ್ ಇರ್ಬಾರ್ದು. ಅಂಥ ರೋಡ್ ಹೇಳಿ." ಹುಡುಗ ಸಾಫ್ಟ್‌ವೇರಿನಲ್ಲಿರಬೇಕು, ಊರಲ್ಲಿ ತೋಟ ಇರಬೇಕು, ಅತ್ತೆ ಇರಬಾರದು ಎಂದು ಸಂಬಂಧ ನೋಡುವವರ ಹಾಗಾಯಿತು ಇದು.

ಹೊಳೆಯ ವಿಷಯವನ್ನೇ ತೆಗೆದುಕೊಳ್ಳಿ. ತುಂಗೆ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆ, ಶಿವಮೊಗ್ಗ ಎಂದು ಬಳಸಿ ಬಳಸಿ ಕೂಡ್ಲಿಯಲ್ಲಿ ಭದ್ರೆಯ ಕೈ ಹಿಡಿಯುವ ಹೊತ್ತಿಗೆ 147 ಕಿಲೋಮೀಟರ್ ಹರಿದಿರುತ್ತಾಳೆ. ಅಷ್ಟುದ್ದಕ್ಕೂ ಪಕ್ಕದಲ್ಲೊಂದು ರಸ್ತೆ ಇದ್ದೇ ಇರಬೇಕಲ್ಲ ಎಂದುಕೊಂಡವರು ಮಲೆನಾಡಿನಲ್ಲಿ ಪೆಡಲ್ ತುಳಿದಿಲ್ಲ. ಇಲ್ಲಿ ಕಣಿವೆಯ ತಳವೆಲ್ಲ ಗದ್ದೆ, ತೋಟ. ಅಡಕೆ ಮರ ನಿಲ್ಲುವ ಜಾಗವನ್ನು ಡಾಂಬರಿಗೆ ಬಿಟ್ಟುಕೊಡುವ ದಡ್ಡ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ರಸ್ತೆ ಗುಡ್ಡದ ಸೊಂಟ ಹಿಡಿದು ಹೋಗುತ್ತದೆ. ಗುಡ್ಡದ ನೀರೆಲ್ಲ ಹಳ್ಳವಾಗಿ ಹೊಳೆ ಸೇರಬೇಕಷ್ಟೆ. ಹಳ್ಳ ಬಂದಲ್ಲೆಲ್ಲ ರಸ್ತೆ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಉಸ್ಸೆಂದು ಏರಬೇಕು. ಹೊಳೆ ಕಣ್ಣಿಗೆ ಬೀಳುವುದು ಸೇತುವೆಯಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ, ಹಳೆಯ ದೋಣಿಗಂಡಿಯಲ್ಲಿ. ಉಳಿದಂತೆ ಅದರ ಸದ್ದು, ಇಲ್ಲವೇ ಬೆಳಗಿನ ಹೊತ್ತು ತೋಟದ ನೆತ್ತಿಯ ಮೇಲೆ ಹಾವಿನ ಹಾಗೆ ಮಲಗಿದ ಮಂಜಿನ ಪಟ್ಟೆ. ಹೊಳೆ ಎಲ್ಲಿದೆ ಎಂದು ಆ ಪಟ್ಟೆ ನೋಡಿ ತಿಳಿಯಬೇಕು.

ಏರಿನ ಲೆಕ್ಕವೂ ಹಾಗೇ. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್, ಆಗುಂಬೆ ಸುಮಾರು 640. ಕಾಗದದ ಮೇಲೆ ನೋಡಿದರೆ ಎರಡೂವರೆ ತೆಂಗಿನ ಮರದಷ್ಟು ಎತ್ತರ, ಹೂ ಎನ್ನುವಷ್ಟು ಸಲೀಸು. ಆ ಐವತ್ತು ಮೀಟರನ್ನು ಮೂವತ್ತು ಕಿಲೋಮೀಟರಿನ ಹಾದಿಯಲ್ಲಿ ಎಷ್ಟು ಸಲ ಗಳಿಸಿ ಎಷ್ಟು ಸಲ ಕಳೆದುಕೊಳ್ಳುತ್ತೇವೆ ಎನ್ನುವುದು ತೊಡೆಗೆ ಮಾತ್ರ ಗೊತ್ತು. ಗೌಡರಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಯಿತು: "ಅಡಕೆ ರೇಟಿನ ಹಂಗೆ."

ಆಗುಂಬೆಗೆ ನಾನು ಯಾರನ್ನೂ ಕಳಿಸುವುದಿಲ್ಲ. ಭಾನುವಾರವಂತೂ ಸುತರಾಂ ಇಲ್ಲ. ಕಾಡು ದೊಡ್ಡದೇ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯೂ ದೊಡ್ಡದೇ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಮುಳುಗುವ ಸೂರ್ಯನಿಗಿಂತ ಕಾರುಗಳೇ ಹೆಚ್ಚು ಕೆಂಪಗೆ ಕಾಣುತ್ತವೆ. ಘಾಟಿಯ ಹದಿನಾಲ್ಕು ತಿರುವನ್ನು ಏರುವುದೇ ಸಾಹಸ ಎಂದು ಹುಡುಗರು ತಿಳಿದಿದ್ದಾರೆ. ಏರುವುದಕ್ಕೆ ಬೇಕಾದದ್ದು ಶ್ವಾಸಕೋಶ ಮಾತ್ರ. ಸೋಮೇಶ್ವರದ ಕಡೆಗೆ ಇಳಿಯುವುದಿದೆಯಲ್ಲ, ಅದಕ್ಕೆ ಬ್ರೇಕೂ ಬೇಕು, ದೇವರೂ ಬೇಕು. ಒದ್ದೆ ರಸ್ತೆ, ಅದರ ಮೇಲೆ ಎಲೆ, ಎಲೆಯ ಮೇಲೆ ನೀವು.

ಶಿವಮೊಗ್ಗದ ದಾರಿ ಇನ್ನೊಂದು ಬಗೆಯ ಮೋಸ. ಅರವತ್ತು ಕಿಲೋಮೀಟರಿನ ಆ ಹಾದಿಯಲ್ಲಿ ಮಂಡಗದ್ದೆಯ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮರವೇ ಬಾಗುವ ಹಾಗೆ ಗೂಡು ಕಟ್ಟಿರುತ್ತವೆ. ಮುಂದೆ ಸಕ್ರೆಬೈಲಿನಲ್ಲಿ ಆನೆಗಳು ಗಾಜನೂರಿನ ಹಿನ್ನೀರಿನಲ್ಲಿ ಬೆಳಗಿನ ಸ್ನಾನ ಮಾಡುತ್ತವೆ. ಹೊಳೆಯೂ ಆಗಾಗ ದರ್ಶನ ಕೊಡುತ್ತದೆ. ಆದರೆ ಅದು ಹೆದ್ದಾರಿ. ಹಿಂದಿನಿಂದ ಬಂದ ಲಾರಿ ಹಾರ್ನ್ ಹಾಕಿದರೆ ಹಕ್ಕಿ ಹಾರುವ ಮೊದಲು ನಾವು ಚರಂಡಿಗೆ ಹಾರಿರುತ್ತೇವೆ. ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಎನ್ನುತ್ತೇನೆ. ಶಿವಮೊಗ್ಗದಲ್ಲೇ ಇರುವವರಾದರೆ ಮತ್ತೂರಿಗೆ ಹೋಗಿ ಬನ್ನಿ. ಹೊಳೆದಂಡೆ, ತೋಟ, ಅಗ್ರಹಾರ ಮೂರೂ ಎಂಟೊಂಬತ್ತು ಕಿಲೋಮೀಟರಿನಲ್ಲಿ ಮುಗಿಯುತ್ತವೆ. ದಾರಿ ಕೇಳಿದರೆ ಸಂಸ್ಕೃತದಲ್ಲಿ ಉತ್ತರ ಬಂದೀತು ಎಂಬುದಷ್ಟೇ ಅಪಾಯ.

ಕುಪ್ಪಳಿಯ ದಾರಿ ಬೆಳಗಿನ ಎಂಟರವರೆಗೆ ಬಹಳ ಚೆನ್ನ. ಹೋಗಿ ಕವಿಶೈಲದ ಬಂಡೆಯ ಮೇಲೆ ಕೂತು ಬಾಳೆಹಣ್ಣು ಸುಲಿಯಬಹುದು. ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯನವರ ಹೆಸರು ಆ ಕಲ್ಲಿನಲ್ಲಿ ಕೊರೆದದ್ದಿದೆ. ಅದನ್ನು ನೋಡಿ ತಮ್ಮದೂ ಒಂದಿರಲಿ ಎಂದು ಕೀಲಿಕೈ ತೆಗೆದವರನ್ನು ಮೇಷ್ಟರ ದನಿಯಲ್ಲಿ ಗದರಿಸಿ ಬಂದಿದ್ದೇನೆ. ನಿವೃತ್ತನಾದ ಮೇಲೂ ಉಳಿದ ಒಂದೇ ಅಧಿಕಾರ ಅದು.

ನಾನು ಯಾರಿಗೂ ಸುಲಭಕ್ಕೆ ಹೇಳಿಕೊಡದ ದಾರಿ ಬೇರೆ ಇದೆ. ಚಿಬ್ಬಲಗುಡ್ಡೆಯ ಕಡೆಯದ್ದು. ಪೇಟೆಯಿಂದ ಹತ್ತು ಕಿಲೋಮೀಟರಿನ ಆಸುಪಾಸು. ಹೊಳೆಗಿಳಿಯುವ ಮೆಟ್ಟಿಲು, ಸಿದ್ಧಿವಿನಾಯಕನ ಗುಡಿ, ನೀರಿನಲ್ಲಿ ದೇವರ ಮೀನು. ಹಿಡಿಯುವ ಹಾಗಿಲ್ಲವಾದ್ದರಿಂದ ಅವಕ್ಕೆ ಮನುಷ್ಯರ ಭಯವೇ ಇಲ್ಲ. ಒಂದು ಹಿಡಿ ಮಂಡಕ್ಕಿ ಎರಚಿದರೆ ತೋಳಿನುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು, ಕಪ್ಪು ಬೆನ್ನು ಹೊಳೆಯಿಸಿ, ಮದುವೆಮನೆಯ ಮೊದಲ ಪಂಕ್ತಿಯ ಹಾಗೆ ನುಗ್ಗುತ್ತವೆ. ಮಂಡಕ್ಕಿ ಮುಗಿದ ತಕ್ಷಣ ನಮ್ಮ ಪರಿಚಯವೇ ಇಲ್ಲದವರಂತೆ ಹೊರಟುಹೋಗುತ್ತವೆ. ಅಲ್ಲಿಂದ ಒಳದಾರಿಗಳು ಸಿಗುತ್ತವೆ. ಒಂದು ಮಗ್ಗುಲಿಗೆ ಅಡಕೆ ತೋಟ, ಇನ್ನೊಂದು ಮಗ್ಗುಲಿಗೆ ಸೊಪ್ಪಿನ ಬೆಟ್ಟ. ನಡುವೆ ಎತ್ತಿನ ಗಾಡಿಯೊಂದು ಹೋಗುವಷ್ಟು ಅಗಲದ ಡಾಂಬರು, ಅದರ ನಡುವೆ ಪಾಚಿಯ ಗೆರೆ. ಸುಗ್ಗಿಯಲ್ಲಿ ಹೋದರೆ ಅಡಕೆ ಬೇಯಿಸುವ ಹಂಡೆಯಿಂದ ಚೊಗರಿನ ಒಗರು ವಾಸನೆ ರಸ್ತೆಯವರೆಗೂ ಬರುತ್ತದೆ. ಅರ್ಧ ಗಂಟೆ ತುಳಿದರೂ ಎದುರಿಗೆ ಬರುವುದು ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಬೈಕು ಮತ್ತು ಆರು ನಾಯಿ.

ನಾಯಿಯ ವಿಷಯಕ್ಕೆ ಒಂದೇ ಉಪಾಯ. ಓಡಿಸಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು, ನೆಂಟರ ಹಾಗೆ ನಡೆಯಿರಿ. ಸೈಕಲ್ಲಿನವನು ಕಳ್ಳ, ನಡೆಯುವವನು ನೆಂಟ, ಮಲೆನಾಡಿನ ನಾಯಿಗೆ ಗೊತ್ತಿರುವುದು ಇವೆರಡೇ ಜಾತಿ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಅದೂ ಮಳೆಗಾಲದಲ್ಲಿ ಮಾತ್ರ. ಮಳೆಗಾಲದಲ್ಲಿ ನಾನು ಸೈಕಲ್ಲನ್ನೇ ತೆಗೆಯುವುದಿಲ್ಲವಾದ್ದರಿಂದ ಇದು ಕೇಳಿದ ವಿದ್ಯೆ. ತಮಾಷೆಯಲ್ಲದ ಸಂಗತಿಯೆಂದರೆ ಉಣುಗು. ಅದು ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಸೈಕಲ್ಲಿಗೆ ಸೊಗಸಾದ ಹವೆ ಇರುವ ತಿಂಗಳುಗಳಲ್ಲೇ, ಅದರ ಕಾಟ. ರಸ್ತೆಯಲ್ಲಿ ಹೋಗುವುದಕ್ಕೆ ಅಡ್ಡಿಯಿಲ್ಲ. ಫೋಟೋ ಚೆನ್ನಾಗಿ ಬರುತ್ತದೆಂದು ದರಗಿನ ಮೇಲೆ ಮಲಗಬೇಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಆಸ್ಪತ್ರೆಯವರಿಗೆ ಹೇಳಿ.

ಎಲ್ಲಿದ್ದೆ? ಕ್ಯಾರಿಯರ್. ಚಿಬ್ಬಲಗುಡ್ಡೆಯ ಕಡೆ ಹೋಗುತ್ತೇನೆಂದು ಒಂದು ದಿನ ಬಾಯಿ ತಪ್ಪಿ ಆಡಿದ್ದೇ, ಗೌಡತಿಯಮ್ಮ ಕಂಡಿಯಲ್ಲಿ ಪ್ರತ್ಯಕ್ಷ. ಕೈಯಲ್ಲೊಂದು ಗಂಟು.

"ಹಂಗಾರೆ ಅಲ್ಲೇ ಮುಂದೆ ನಮ್ಮ ತಂಗಿ ಮನೆ. ಈ ಸೌತೆಬೀಜ ಕೊಟ್ಟು ಬಂದ್ಬಿಡಿ. ಹೆಂಗೂ ಸುಮ್ನೆ ಹೋಗ್ತೀರಲ್ಲ."

'ಸುಮ್ನೆ' ಎಂದದ್ದು ನಾನೇ. ಬಾಯಿ ಮುಚ್ಚಿಕೊಂಡು ಕಟ್ಟಿಕೊಂಡೆ. ತಂಗಿಯ ಮನೆಯವರು ರೊಟ್ಟಿ ತಿನ್ನಿಸದೆ ಬಿಡಲಿಲ್ಲ. ಬರುವಾಗ ಅಕ್ಕನಿಗೆಂದು ಒಂದು ಚೀಲ ವಾಟೆಹುಳಿ, ಪಕ್ಕದ ಮನೆಯವರದ್ದು ಸೊಸೈಟಿಗೆ ಕಟ್ಟಬೇಕಾದ ಒಂದು ಲಕೋಟೆ. ಮರುವಾರ ಗೌಡರದೇ ಆರ್ಡರು: ಕಮ್ಮಾರನ ಹತ್ತಿರ ಹದ ಮಾಡಿಸಲು ಕೊಟ್ಟ ಎರಡು ಕತ್ತಿ. ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ, ಹಿಡಿಯಷ್ಟೇ ಹೊರಗೆ ಕಾಣುವ ಹಾಗೆ ಕಟ್ಟಿಕೊಂಡು ಬರುತ್ತಿದ್ದ ನನ್ನನ್ನು ನೋಡಿ ನಾಯಿಗಳೂ ದಾರಿ ಬಿಟ್ಟವು.

ಮೊದಲಾದರೆ ಇದೆಲ್ಲ ಬಸ್ಸಿನಲ್ಲಿ ಹೋಗುತ್ತಿತ್ತು. ಕಂಡಕ್ಟರ್ ಅಂದರೆ ಬರೀ ಟಿಕೆಟ್ ಹರಿಯುವವನಾಗಿರಲಿಲ್ಲ. ಪೇಪರು ಎಸೆಯುವವನು, ಗುಳಿಗೆ ತರುವವನು, ಮಗಳಿಗೆ ನೋವು ಶುರುವಾಗಿದೆ ಎಂದು ತವರಿಗೆ ಸುದ್ದಿ ಮುಟ್ಟಿಸುವವನು. ಕೊಪ್ಪದ ಸಹಕಾರ ಸಾರಿಗೆ ನಿಮಗೆ ಗೊತ್ತಿರಬಹುದು. 1991ರಲ್ಲಿ ಕೆಲಸ ಹೋದ ಬಸ್ ಕಾರ್ಮಿಕರೇ ಸೇರಿ ಕಟ್ಟಿದ ಸಂಘ. ಡ್ರೈವರೂ ಅವರೇ, ಮಾಲೀಕರೂ ಅವರೇ. ಘಟ್ಟದ ಮೂಲೆಮೂಲೆಗೆ ಬಸ್ಸು ಓಡಿಸಿದರು. ನಷ್ಟ ತಡೆಯಲಾರದೆ 2020ರಲ್ಲಿ ನಿಂತುಹೋಯಿತು. ಹಿಂದೆಯೇ ಕೊರೊನಾ ಬಂತು. ಆಗ ಶೆಡ್ಡು ಸೇರಿದ ಬಸ್ಸುಗಳಲ್ಲಿ ಎಷ್ಟೋ ಮತ್ತೆ ಹೊರಗೆ ಬರಲೇ ಇಲ್ಲ.

ಇದನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಈ ದಾರಿ ಎಷ್ಟು ನಿಶ್ಶಬ್ದ, ಎಷ್ಟು ಚಂದ ಎಂದು ತುಳಿಯುತ್ತಿದ್ದೆ. ರಸ್ತೆಯ ನಡುವಿನ ಪಾಚಿಯ ಗೆರೆ ಫೋಟೋದಲ್ಲಿ ಎಷ್ಟು ಹಸಿರಾಗಿ ಬಂತು ಎಂದು ಮಗನಿಗೆ ಕಳಿಸುತ್ತಿದ್ದೆ. ಬಸ್ಸಿನ ಗಾಲಿ ಓಡಾಡುವ ರಸ್ತೆಯಲ್ಲಿ ಪಾಚಿ ಹೇಗೆ ಬೆಳೆಯಬೇಕು?

ಒಂದು ಬೆಳಿಗ್ಗೆ ವಾಪಸು ಬರುತ್ತಿದ್ದೆ. ತಿರುವಿನಲ್ಲೊಂದು ಹಳೆಯ ಬಸ್ ತಂಗುದಾಣವಿದೆ. ಹೆಂಚು ಅರ್ಧ ಜಾರಿದೆ, ಗೋಡೆಯ ಮೇಲೆ ಹಳೆಯ ಚುನಾವಣೆಯೊಂದರ ಚಿಹ್ನೆ ಮಾಸಿ ಉಳಿದಿದೆ. ಕಲ್ಲುಬೆಂಚಿನ ಮೇಲೆ ಒಂದು ಅಜ್ಜಿ, ಕೈಯಲ್ಲಿ ಬಟ್ಟೆಚೀಲ.

"ಅಯ್ಯಾ, ಬಸ್ಸು ಕಂಡ್ರಾ?"

ಇಳಿದೆ. "ಎಷ್ಟೊತ್ತಿನ ಬಸ್ಸಮ್ಮ?"

"ಏಳೂಕಾಲಿಂದು."

ನನಗೆ ಗೊತ್ತಿದ್ದ ಹಾಗೆ ಆ ದಾರಿಯಲ್ಲಿ ಬಸ್ಸು ನಿಂತು ವರ್ಷಗಳಾಗಿದ್ದವು. ಅಜ್ಜಿಗೆ ಅರಳುಮರಳೇನೋ ಎಂದುಕೊಂಡು, ಆದಷ್ಟು ಮೆತ್ತಗೆ, "ಆ ಬಸ್ಸು ಈಗ ಇಲ್ಲವಲ್ಲಮ್ಮ" ಎಂದೆ.

"ಇಲ್ದಿರೋದು ನಂಗೊತ್ತಿಲ್ವಾ?" ಅಜ್ಜಿ ನನ್ನನ್ನು ದಡ್ಡ ಹುಡುಗನ ಹಾಗೆ ನೋಡಿತು. "ಬಸ್ಸಿಲ್ಲ ಅಂತ ಟೈಮು ಬಿಡಕ್ಕಾಗ್ತದಾ? ಈ ಹೊತ್ತಿಗೆ ಬಂದು ಕೂತ್ರೆ ಯಾರಾದ್ರೂ ಸಿಗ್ತಾರೆ. ಜೀಪೋ, ಹಾಲಿನವನೋ. ಇವತ್ತು ನೀವು."

ಬೇಕಾಗಿದ್ದದ್ದು ಬಿ.ಪಿ. ಗುಳಿಗೆ. ಎರಡು ದಿನದ್ದು ಉಳಿದಿತ್ತು. ಖಾಲಿ ಗುಳಿಗೆಪಟ್ಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಅದರ ಜೊತೆ ನಾಲ್ಕಾಗಿ ಮಡಚಿದ ನೋಟನ್ನೂ ಕೊಟ್ಟಿತು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಪೇಟೆಯ ಔಷಧಿ ಅಂಗಡಿಯಲ್ಲಿ ತೆಗೆದುಕೊಂಡು ಮರುದಿನ ಮುಟ್ಟಿಸಿದೆ. ಸಾಲುಸಾಲು ಎರಡು ದಿನ ಸೈಕಲ್ಲು ಹತ್ತಿದ್ದು ಅದೇ ಮೊದಲು. ಗೌಡರು ಹಲ್ಲುಜ್ಜುವುದನ್ನು ನಿಲ್ಲಿಸಿ, "ಇವತ್ತೂ ಸುಮ್ನೆಯಾ?" ಎಂದರು.

"ಇಲ್ಲ, ಸ್ವಲ್ಪ ಕೆಲಸ ಇದೆ" ಎಂದೆ. ಗೌಡರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅಡಕೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದಾಗಲೂ ಕಂಡಿರಲಿಲ್ಲ.

ಅಲ್ಲಿಂದ ನನ್ನ ಸೈಕಲ್ಲಿನ ದಾರಿಯನ್ನು ನಾನು ಆರಿಸುತ್ತಿಲ್ಲ. ಬುಧವಾರ, ಶನಿವಾರ ಆ ಕಡೆ. ಬೇಲಿಯ ಕಂಡಿಯಲ್ಲಿ ಹಿಂದಿನ ರಾತ್ರಿಯೇ ಚೀಲಗಳು ಬಂದು ಕೂತಿರುತ್ತವೆ. ಮಗ ಫೋನಿನಲ್ಲಿ, "ಆವರೇಜ್ ಸ್ಪೀಡ್ ಎಷ್ಟಪ್ಪ?" ಎಂದು ಕೇಳಿದ. ಎರಡು ಕಿಲೋ ಬೆಲ್ಲ, ಒಂದು ಬಾಳೆಗೊನೆ ಕಟ್ಟಿಕೊಂಡು ತುಳಿಯುವವನಿಗೆ ಸ್ಪೀಡು ಎಲ್ಲಿಂದ ಬರಬೇಕು? ಇಪ್ಪತ್ತೊಂದು ಗೇರಿನಲ್ಲಿ ಹತ್ತೊಂಬತ್ತು ದಂಡ, ಒಂದು ಮತ್ತು ಎರಡು ಮಾತ್ರ ಸವೆಯುತ್ತಿವೆ. ಬೆಂಗಳೂರಿನ ಹುಡುಗರು ನಾಲ್ಕು ಜನ ಕಳೆದ ತಿಂಗಳು ಬಂದಿದ್ದರು. ಕರೆದುಕೊಂಡು ಹೋದೆ. ಹೊಳೆ ಕಂಡಿತು, ಕಾಡು ಕಂಡಿತು, ವಾಹನ ಒಂದೂ ಇಲ್ಲ. ಹಿಗ್ಗಿಹೋದರು. ವಾಪಸು ಬರುವಾಗ ನಾಲ್ವರ ಬೆನ್ನುಚೀಲಗಳಲ್ಲೂ ಒಂದೊಂದು ಮನೆಯ ಜೀರಿಗೆಮೆಣಸು, ಹಪ್ಪಳ, ಮಿಡಿ. ನಾನೇನೂ ಹೇಳಿರಲಿಲ್ಲ. ಬಸ್ಸು ಬಂದರೆ ಸಾಮಾನು ಹಾಕುವುದು ಆ ಊರುಗಳ ಪದ್ಧತಿ.

ಮೊನ್ನೆ ಶನಿವಾರ ಏರಿನಲ್ಲಿ ಚೈನು ಬಿತ್ತು. ಕೈಯೆಲ್ಲ ಗ್ರೀಸು ಮಾಡಿಕೊಂಡು, ಗೊನೆಯನ್ನು ರಸ್ತೆಬದಿಗೆ ಇಳಿಸಿ, ಸೈಕಲ್ಲನ್ನು ಬುಡಮೇಲು ಮಾಡಿ, ಹೇಗೋ ಕೂರಿಸಿ ತಂಗುದಾಣ ತಲುಪುವ ಹೊತ್ತಿಗೆ ಗಂಟೆ ಏಳೂವರೆ. ಅಜ್ಜಿ ಬೆಂಚಿನಿಂದ ಎದ್ದು ರಸ್ತೆಯ ಅಂಚಿಗೇ ಬಂದು ನಿಂತಿತ್ತು. ಇನ್ನಿಬ್ಬರು ಹೆಂಗಸರೂ ಇದ್ದರು.

"ಹದಿನೈದು ನಿಮಿಷ ಲೇಟು" ಎಂದಿತು ಅಜ್ಜಿ.

"ಚೈನು ಬಿದ್ದಿತ್ತಮ್ಮ."

"ಆ ಬಸ್ಸಿನವ್ರೂ ಹಿಂಗೇ ಒಂದು ಹೇಳೋರು" ಎನ್ನುತ್ತಾ ಮಗಳ ಮನೆಗೆ ಮುಟ್ಟಿಸಬೇಕಾದ ಮಿಡಿಯ ಚೀಲವನ್ನು ಕ್ಯಾರಿಯರಿಗೆ ತಾನೇ ಸಿಕ್ಕಿಸಿ, ಹಗ್ಗವನ್ನು ಎರಡು ಸುತ್ತು ಬಿಗಿದು, ಸೀಟಿನ ಹಿಂಭಾಗಕ್ಕೆ ಅಂಗೈಯಿಂದ ಎರಡು ಸಲ ತಟ್ಟಿತು.

"ರೈಟ್."